ಇಪ್ಪತ್ತು ರೈಟು ಬಿದ್ದ ಉತ್ತರ ಪತ್ರಿಕೆ

ಡೀಸೆಲ್, ಗ್ರೀಸ್ ವಾಸನೆ ಅಂದರೆ ನನಗೆ ಈಗಲೂ ಅಪ್ಪನ ಖಾಕಿ ಅಂಗಿ...

ಅವರು ನಂಜನಗೂಡು ಲೈನಿನಲ್ಲಿ ಬಸ್ ಓಡಿಸುತ್ತಿದ್ದರು. ಸಂಜೆ ಮನೆಗೆ ಬಂದರೆ ಓಡಿಹೋಗಿ ಆ ಅಂಗಿಗೆ ಮುಖ ಒತ್ತುತ್ತಿದ್ದೆ.

ಅದಕ್ಕೇ ಇರಬೇಕು, ಮೈಸೂರಿನ ನಮ್ಮ ಭಾನುವಾರದ ಜಪಾನೀ ಭಾಷೆ ಕ್ಲಾಸಿನಲ್ಲಿ ಮೊದಲ ದಿನವೇ ಹೋಗಿ ಮೆಕ್ಯಾನಿಕ್ ಜಬೀವುಲ್ಲಾ ಅವರ ಪಕ್ಕ ಕುಳಿತೆ.

ನಾನು ಅರವತ್ತೊಂಬತ್ತರ ರಿಟೈರ್ಡ್ ಟೀಚರ್. ಅವರಿಗೆ ಐವತ್ತೆರಡು. ಉಳಿದವರೆಲ್ಲ ಕಾಲೇಜು ಮಕ್ಕಳು.

"ಈ ವಯಸ್ಸಲ್ಲಿ ಜಪಾನಿಗೆ ಹೊರಟ್ರಾ ಟೀಚರಮ್ಮ?" ಅಂತ ಕೇಳಿದರು.

"ಇಲ್ಲಪ್ಪ, ಮರೆವು ಹತ್ತಿರ ಬರದಿರಲಿ ಅಂತ. ನೀವು?"

"ಒಂದು ಕಾರಿಗೋಸ್ಕರ..."

ಆ ಕಾರು ಹಲ್ಲಿನ ಡಾಕ್ಟರ್ ದೇಚಮ್ಮ ಅವರದು. ಕೊಡಗಿನ ಹುಡುಗಿ. ಅವಳ ಚಿಕ್ಕಪ್ಪ ಜಪಾನಿನಿಂದ ವಾಪಸ್ ಬರುವಾಗ ತಂದಿದ್ದ ಕೆಂಪು ಸ್ಪೋರ್ಟ್ಸ್ ಕಾರು, ಇಬ್ಬರೇ ಕೂರುವಂಥದ್ದು. ಅವರು ತೀರಿಕೊಂಡ ಮೇಲೆ ಏಳು ವರ್ಷ ಶೆಡ್ಡಿನಲ್ಲೇ ನಿಂತಿತ್ತು.

ಕಾರಿನ ಜೊತೆ ಒಂದು ನೋಟ್‌ಬುಕ್ ಇತ್ತು. ಜಪಾನಿನ ಮೆಕ್ಯಾನಿಕ್ ಒಬ್ಬರು ಒಂದೊಂದು ಪಾರ್ಟಿನ ಹೆಸರೂ ಬರೆದು ಅದರ ಮುಂದೆ ಗುರುತು ಹಾಕಿದ್ದರು. ಕೆಲವಕ್ಕೆ ರೈಟು, ಕೆಲವಕ್ಕೆ ಸುತ್ತು.

"ಬೇರೆಯವರ ಕೈಲಿ ಓದಿಸ್ಬೋದಿತ್ತು. ಆದ್ರೆ ಬಿಚ್ಚೋನು ನಾನು, ಓದೋನೂ ನಾನೇ ಆಗ್ಬೇಕು ಅನ್ನಿಸ್ತು," ಅಂದಿದ್ದರು.

ಮೂರು ತಿಂಗಳು ಅಕ್ಷರ ತಿದ್ದಿದರು... ಉಗುರಿನ ಸಂದಿಯ ಗ್ರೀಸ್ ಪುಸ್ತಕಕ್ಕೆ ತಾಗದಂತೆ ಕರ್ಚೀಫ್ ಹಾಸಿಕೊಂಡು. ಆ ನೋಟ್‌ಬುಕ್ ಓದಿಕೊಂಡೇ ಕಾರು ರಿಪೇರಿ ಮಾಡಿ ದೇಚಮ್ಮಳಿಗೆ ಕೊಟ್ಟೂ ಬಿಟ್ಟಿದ್ದರು.

ಕಳೆದ ಭಾನುವಾರ ನಮ್ಮ ಮೊದಲ ಟೆಸ್ಟಿನ ಪೇಪರ್ ಕೊಟ್ಟರು. ಜಬೀವುಲ್ಲಾ ಅವರ ಪೇಪರಿನ ತುಂಬ ಕೆಂಪು ರೈಟ್ ಮಾರ್ಕು!

"ನೋಡಿ ಟೀಚರಮ್ಮ... ಇಪ್ಪತ್ತು ರೈಟು. ಸುತ್ತು ಹಾಕಿರೋದು ಮೂರೇ ಮೂರು," ಅಂತ ಪೇಪರನ್ನು ಎಲ್ಲರಿಗೂ ತೋರಿಸಿದರು.

ನಮಗೆ ಪಾಠ ಹೇಳುವ ಸಂಹಿತಾ ನಾಲ್ಕು ವರ್ಷ ಜಪಾನಿನಲ್ಲಿದ್ದು ಬಂದವಳು. ಅವಳು ಸಂಕೋಚದಿಂದ ಹೇಳಿದಳು.

"ಸಾರ್, ಅಲ್ಲಿ ಸರಿ ಉತ್ತರಕ್ಕೆ ಸುತ್ತು ಹಾಕ್ತಾರೆ. ಈ ರೈಟ್ ಥರ ಇರೋದು ತಪ್ಪಿಗೆ... ನಾನು ಅದೇ ಅಭ್ಯಾಸದಲ್ಲಿ ತಿದ್ದಿಬಿಟ್ಟೆ."

ಮಕ್ಕಳೆಲ್ಲ ನಕ್ಕರು. "ಅಂಕಲ್, ಮೂರು ಮಾರ್ಕ್ಸಿಗೆ ಸ್ವೀಟ್ ಎಲ್ಲಿ?" ಅಂದ ಒಬ್ಬ.

ಜಬೀವುಲ್ಲಾ ನಗಲಿಲ್ಲ. ಪೇಪರನ್ನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

"ಬ್ರೇಕಿನ ಮುಂದೆ ರೈಟ್ ಇತ್ತು ಟೀಚರಮ್ಮ..."

ನನಗೆ ತಕ್ಷಣ ಅರ್ಥವಾಗಲಿಲ್ಲ.

"ಆ ನೋಟ್‌ಬುಕ್‌ನಲ್ಲಿ... ಹಿಂದಿನ ಬ್ರೇಕ್ ಹೋಸ್‌ಗೆ, ಅದೇ ಬ್ರೇಕ್ ಆಯಿಲ್ ಹೋಗೋ ರಬ್ಬರ್ ಪೈಪಿಗೆ, ರೈಟ್ ಹಾಕಿದ್ರು. ಅಕ್ಷರ ನಾನೇ ಕೂಡಿಸಿ ಓದಿದ್ದೆ. ಹೊರಗಿಂದ ಚೆನ್ನಾಗೇ ಕಾಣ್ತಿತ್ತು. ಸರಿ ಇದೆ ಅಂತ ಬಿಟ್ಟೆ. ಸುತ್ತು ಹಾಕಿದ್ದೆಲ್ಲ ಹೊಸದು ಹಾಕಿದೆ..."

ದೇಚಮ್ಮ ಅವತ್ತು ಬೆಳಿಗ್ಗೆಯೇ ಅದೇ ಕಾರಿನಲ್ಲಿ ತಾಯಿಯನ್ನು ಕೂರಿಸಿಕೊಂಡು ಮಹದೇಶ್ವರ ಬೆಟ್ಟಕ್ಕೆ ಹೊರಟಿದ್ದಳು.

ಆ ಬೆಟ್ಟದ ತಿರುವುಗಳನ್ನು ನೋಡಿದವರಿಗೆ ಗೊತ್ತು... ಹತ್ತುವುದು ಹೇಗೋ ಆಗುತ್ತದೆ. ಇಳಿಯುವಾಗ ಬ್ರೇಕೇ ದೇವರು.

ಜಬೀವುಲ್ಲಾ ಅವಳಿಗೆ ಫೋನ್ ಮಾಡಿದರು. ನಾಟ್ ರೀಚಬಲ್. ಮತ್ತೆ ಮಾಡಿದರು... ಮತ್ತೆ ಅದೇ.

ನಾನು ಹನೂರಿನಲ್ಲಿ ಹದಿನಾಲ್ಕು ವರ್ಷ ಪಾಠ ಮಾಡಿದವಳು. ಬೆಟ್ಟದ ಬುಡದ ತಾಳಬೆಟ್ಟದಲ್ಲಿ ನನ್ನ ಶಿಷ್ಯ ಪುಟ್ಟಮಾದಪ್ಪನ ಟೀ ಹೋಟೆಲಿದೆ. ಅವನ ನಂಬರ್ ಹುಡುಕುವಾಗ ಕನ್ನಡಕವೇ ಸಿಗಲಿಲ್ಲ... ಸಂಹಿತಾ ಹುಡುಕಿಕೊಟ್ಟಳು.

ಮೊದಲ ಸಲ ಎತ್ತಲಿಲ್ಲ. ಎರಡನೇ ಸಲ ಎತ್ತಿದ.

"ಕೆಂಪು ಪುಟಾಣಿ ಕಾರಾ ಟೀಚರೇ? ನಾ ಕಂಡಂಗೆ ಇನ್ನೂ ಬಂದಿಲ್ಲ. ಒಳಗೆ ದೋಸೆ ಹಾಕ್ತಿದ್ದೆ, ದಾಟೋಗಿದ್ರೂ ಗೊತ್ತಾಗಿಲ್ಲ..."

"ರೋಡಿಗೆ ಬಂದು ನಿಂತ್ಕೊಳಪ್ಪ. ಬಂದ್ರೆ ಬಿಡಬೇಡ."

"ಬೆಂಚೇ ಅಡ್ಡ ಇಡ್ತೀನಿ. ಹೊಡ್ಕೊಂಡು ಹೋಗ್ಲಿ ನೋಡ್ತೀನಿ."

ಆಮೇಲೆ ನಲವತ್ತು ನಿಮಿಷ ಕಾದೆವು. ಸ್ವೀಟ್ ಕೇಳಿದ್ದ ಹುಡುಗ ಒಂದು ಲೋಟ ನೀರು ತಂದು ಜಬೀವುಲ್ಲಾ ಅವರ ಮುಂದಿಟ್ಟ. ಅವರು ಮುಟ್ಟಲಿಲ್ಲ.

"ಅಂಕಲ್... ಸಿಕ್ಕಿದ್ರೆ, ಒಂದು ಪಾರ್ಟ್ ಈಗ ಬಂತು, ಬದಲಾಯಿಸ್ಬೇಕು ಅಂತ ಹೇಳಿ ಸಾಕು. ನಿಮ್ಮ ಹೆಸರು ಹಾಳಾಗಲ್ಲ," ಅಂದ ಮೆಲ್ಲಗೆ.

"ಸುಳ್ಳು ಹೇಳಿದ್ರೆ, ಮೆಲ್ಲಗೆ ಓಡಿಸ್ಕೊಂಡು ಬರ್ತೀನಿ ಅಂತ ಅವರು ಹತ್ತಿಬಿಟ್ರೆ?" ಅಂದರು.

ಫೋನ್ ಬಂತು. ಪುಟ್ಟಮಾದಪ್ಪ. ಕಾರು ಬೆಂಚಿನ ಮುಂದೆ ನಿಂತಿತ್ತು.

ಅವನು ಆ ಕಡೆ ದೇಚಮ್ಮಳಿಗೆ ಫೋನ್ ಕೊಟ್ಟ, ನಾನು ಈ ಕಡೆ ಜಬೀವುಲ್ಲಾ ಅವರಿಗೆ ಕೊಟ್ಟೆ.

"ಮೇಡಂ... ನಂಗೆ ಓದೋಕೆ ಬರಲಿಲ್ಲ. ಬರುತ್ತೆ ಅಂದ್ಕೊಂಡಿದ್ದೆ. ಬ್ರೇಕ್ ಹೋಸ್ ಬದಲಾಯಿಸ್ಬೇಕಿತ್ತು, ಬಿಟ್ಟಿದ್ದೀನಿ. ಕಾರು ಅಲ್ಲೇ ಬಿಟ್ಟು ಇಳೀರಿ. ತಪ್ಪು ನಂದೇ."

ಆ ಕಡೆಯಿಂದ "ಸರಿ" ಎಂಬ ಒಂದೇ ಮಾತು... ಫೋನ್ ಕಟ್ಟಾಯಿತು.

ಮಧ್ಯಾಹ್ನ ಪುಟ್ಟಮಾದಪ್ಪ ಮತ್ತೆ ಮಾಡಿದ. "ಹನೂರಿಂದ ಮೆಕ್ಯಾನಿಕ್ ಕರೆಸ್ದೆ ಟೀಚರೇ. ಆ ಪೈಪು ಕೈಯಲ್ಲಿ ಬಗ್ಗಿಸಿದ್ರೆ ಹರಿದೇ ಬಂತು..."

ಅದನ್ನು ಕೇಳಿ ಜಬೀವುಲ್ಲಾ ಮುಖ ಮುಚ್ಚಿಕೊಂಡು ಅತ್ತರು. ಊಟಕ್ಕೆ ಕರೆದರೂ ಬರಲಿಲ್ಲ. ಕ್ಲಾಸಿನಿಂದ ನೇರ ತಮ್ಮ ಗ್ಯಾರೇಜಿಗೆ ಹೋಗಿ ಬಾಗಿಲಲ್ಲೇ ಕುಳಿತರು. ನಾನೂ ಕುಳಿತೆ.

ಇಷ್ಟು ವರ್ಷದ ಹೆಸರು ಇವತ್ತಿಗೆ ಮುಗಿಯಿತು ಅಂತ ಅವರಿಗೆ. ದೇಚಮ್ಮ ಬಂದು ಬೈದರೆ ಏನು ಸಮಾಧಾನ ಹೇಳಲಿ ಅಂತ ನನಗೆ.

ನಾಲ್ಕು ಗಂಟೆಗೆ ಟ್ಯಾಕ್ಸಿಯೊಂದು ಬಂದು ನಿಂತಿತು. ದೇಚಮ್ಮ ಇಳಿದಳು. ಹಿಂದೆ ಅವಳ ತಾಯಿ.

ಜಬೀವುಲ್ಲಾ ಎದ್ದು ಕೈಮುಗಿದು, ತಲೆ ತಗ್ಗಿಸಿ ನಿಂತರು.

ಆ ತಾಯಿ ಹತ್ತಿರ ಬಂದರು. ಅವರ ಮುಖ ನೋಡಿದರು, ಒಣಗಿದ ತುಟಿ ನೋಡಿದರು...

ಬ್ಯಾಗಿನಿಂದ, ದಾರಿಗೆಂದು ಬಾಳೆಲೆಯಲ್ಲಿ ಕಟ್ಟಿಕೊಂಡಿದ್ದ ಟೊಮೇಟೊ ಬಾತಿನ ಪೊಟ್ಟಣ ತೆಗೆದು, ಮುಗಿದ ಆ ಎರಡು ಕೈಗಳನ್ನು ಬಿಡಿಸಿ, ಅದರಲ್ಲಿ ಇಟ್ಟರು.

*

ತಪ್ಪು ಮಾಡದವರಿಲ್ಲ... ಆದರೆ ಹೊತ್ತು ಮೀರುವ ಮುಂಚೆ ಅದನ್ನು ಬಾಯಿಬಿಟ್ಟು ಹೇಳಿದವರು ಒಂದು ಮನೆಯ ದೀಪ ಉಳಿಸುತ್ತಾರೆ.

ನೀವು ಇವತ್ತೇ ಮಾಡಬೇಕಾದ, ಆದರೆ ಮುಂದೂಡುತ್ತಿರುವ ಆ ಒಂದು ಫೋನ್ ಕರೆ ಯಾರಿಗೆ?