ಖಾಲಿ ತೂತುಗಳು

"ಬಡಿದೂ ಬಡಿದೂ ರಟ್ಟೆ ಬಿದ್ದುಹೋಯ್ತು, ಈ ಬ್ರೇಕ್ ತಟ್ಟೆ ಕಳಚ್ತಿಲ್ಲ! ಸಂಜೆ ನಿನ್ನ ಕಾರು ಗುಜರಿಗೇ ಕಣೇ," ಎಂದು ಗಂಡ ಸುತ್ತಿಗೆ ಎಸೆದ.

ಮದುವೆಗೆ ಮುಂಚೆ ತಾನೇ ಕೊಂಡ ಕಾರು. ಬಿಟ್ಟುಕೊಡಲು ಅವಳಿಗೆ ಮನಸ್ಸಿರಲಿಲ್ಲ. ಬಿಚ್ಚಿಟ್ಟ ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ತುಕ್ಕುಹಿಡಿದ ತಟ್ಟೆಯಲ್ಲಿ ಎದುರುಬದುರಾಗಿದ್ದ ಎರಡು ಖಾಲಿ ತೂತುಗಳನ್ನು ಮುಟ್ಟಿದಳು. ಒಳಗೆ ತಿರುಪಿನ ಗೆರೆಗಳಿದ್ದವು.

"ಇವೇನ್ರೀ?"

"ಬೋಲ್ಟು ಉದುರಿದ ತೂತು. ಮುದಿ ಕಾರಿಗೆ ಹಲ್ಲಿರುತ್ತಾ?"

ಅವಳು ಡಬ್ಬಿಯಿಂದ ಸರಿಹೊಂದುವ ಬೋಲ್ಟುಗಳನ್ನು ಹುಡುಕಿ ಎರಡಕ್ಕೂ ಹಾಕಿ, ಇದಕ್ಕೊಂದು ಸುತ್ತು, ಅದಕ್ಕೊಂದು ಸುತ್ತು ಎಂದು ಬಿಗಿಯುತ್ತ ಹೋದಳು. ಠಣ್! ಬೋಲ್ಟುಗಳ ತುದಿ ತಟ್ಟೆಯ ಹಿಂದಿದ್ದ ಕಬ್ಬಿಣವನ್ನು ಒದ್ದು ತಟ್ಟೆಯನ್ನು ಹೊರಗೆ ತಳ್ಳಿತು. ತಟ್ಟೆ ತಾನಾಗಿ ಅವಳ ಕೈಗೆ ಜಾರಿತು. ವರ್ಷಗಟ್ಟಲೆ ಯಾರೂ ಕಾಣದ ಲೋಹ ಫಳಫಳ ಹೊಳೆಯಿತು.

"ಅಬ್ಬಾ! ಯಾರೇ ಹೇಳಿಕೊಟ್ರು?"

"ಉದುರಿದ್ದಾದ್ರೆ ಇಷ್ಟು ಸರಿಯಾಗಿ ಎದುರುಬದುರು ಉದುರುತ್ತೇನ್ರೀ? ತಟ್ಟೆ ಕಳಚೋಕೇ ಅಂತ ಬಿಟ್ಟ ತೂತು ಇವು."

ಗಂಡ ಇನ್ನೊಂದು ಜಾಕ್ ಎತ್ತಿಕೊಂಡು ಆಚೆ ಚಕ್ರದತ್ತ ನಡೆದ.