ಪಾಗಲಖಾನೆಯ ಪರೀಕ್ಷೆ

“ಇಸವಿ ಯಾವ್ದು?”

“ಹದಿಮೂರು ನೂರಾ ಐವತ್ತೇಳು.”

ವಿಠ್ಠಲ ಹಣೆ ಚಚ್ಚಿಕೊಂಡ. ಆ ಸದ್ದು ಬೀದರ ಕೋಟೆಯ ಬುರುಜಿಗೂ ಕೇಳಿಸಿತು ಅಂದರೆ ನಂಬಬೇಕು.

“ಅದು ನಿಜಾಮನ ಫಸಲಿ ಲೆಕ್ಕ, ಕಾಂತಾ. ಹತ್ತೊಂಬತ್ತು ನೂರಾ ನಲವತ್ತೆಂಟು ಅನ್ನು, ನಮ್ಮವ್ವ!”

ಹುಚ್ಚರನ್ನು ಕೂಡಿಡುವ ಆ ಪಾಗಲಖಾನೆಯ ಅಂಗಳದಲ್ಲಿ ಬೆಳಗಿನಿಂದ ಇದು ಸಾವಿರದನೆಯ ಸಲ. ಅಲ್ಲಿನ ಗೋಡೆ ಎಷ್ಟು ಎತ್ತರವೆಂದರೆ, ಹಾರಿಬಂದ ಕಾಗೆ ನಡುವೆ ಎರಡು ಕಡೆ ಕೂತು ದಣಿವಾರಿಸಿಕೊಳ್ಳುತ್ತಿತ್ತು. ಉತ್ತರ ಸರಿಯಾದರೆ ಅಣ್ಣ ತಂಗಿ ಇಬ್ಬರೂ ಇಂದೇ ತಮ್ಮೂರು ಡಾಬಕಾದ ದಾರಿ ಹಿಡಿಯಬಹುದು. ತಪ್ಪಿದರೆ ಒಬ್ಬರು ಒಳಗೇ.

ಹಿಂದೂಸ್ತಾನದ ದಂಡು ನಿಜಾಮನನ್ನು ಮಣಿಸಿದ ಪೋಲೀಸ್ ಆಕ್ಷನ್ ಮುಗಿದು ಹತ್ತು ದಿನ. ಮುಂಬಯಿ ಪ್ರಾಂತದಿಂದ ಬಂದ ಹೊಸ ಸಾಹೇಬರಿಗೆ ಫಸಲಿಯ ಗಂಧವಿಲ್ಲ. ಮೊನ್ನೆ ಭಾಲ್ಕಿಯ ಹಣಮಂತಪ್ಪ ಇದೇ ಐವತ್ತೇಳು ಅಂದದ್ದಕ್ಕೆ, ‘ಈತ ಆರುನೂರು ವರ್ಷ ಹಿಂದಿದ್ದಾನೆ’ ಎಂದು ಷರಾ ಬರೆದುಬಿಟ್ಟಿದ್ದರು.

“ಈಗ ರಾಜ್ಯ ಯಾರ್ದು?”

“ಯಾರ್ದಾದ್ರೇನು?”

“ಹಂಗ ಅಂದ್ರ ಮುಗೀತು ನಮ್ಮ ಕತಿ! ಒಂಚೂರು ನಗು. ಶ್ಯಾಣ್ಯಾರ ಹಂಗ ಕಾಣಬೇಕು.”

“ನಗೂದೂ ಪರೀಕ್ಷಾದಾಗ ಅದ ಏನು?”

ಕಾಂತಾಬಾಯಿಯ ಹಣೆ ಬೋಳು. ಆ ಕಣ್ಣಿನ ಬಾವಿಗೆ ಗುಂಡುಕಲ್ಲು ಎತ್ತಿ ಹಾಕಿದರೂ ಬುಳುಕ್ ಅನ್ನುತ್ತಿರಲಿಲ್ಲ.

ಸಾಹೇಬರು ಕರೆದರು. ವಿಠ್ಠಲ ಅವಳ ಕುರ್ಚಿಯ ಹಿಂದೆ ನಿಂತ.

“ಇಸವಿ?”

“ಹತ್ತೊಂಬತ್ತು ನೂರಾ ನಲವತ್ತೆಂಟು ರೀ.”

“ರಾಜ್ಯ?”

“ಹಿಂದೂಸ್ತಾನದ್ದು ರೀ.”

ವಿಠ್ಠಲ ಬಿಟ್ಟ ಉಸಿರಿಗೆ ಮೂರು ಜೋಳದ ಬಣವೆ ಹಾರಬಹುದಿತ್ತು.

ಸಾಹೇಬರು ‘ಬುದ್ಧಿ ನೆಟ್ಟಗಿದೆ’ ಎಂದು ಬರೆದು ಕಾಗದವನ್ನು ಅವಳತ್ತ ಸರಿಸಿದರು. “ಒಪ್ಪಿಸಿಕೊಳ್ಳೋರು ಶ್ಯಾಣ್ಯಾರಿದ್ರ ಸಾಕು, ನಿಮ್ಮ ಅಣ್ಣನ್ನ ಬಿಡ್ತೇನಿ. ನಿಜಾಮನ ರಾಜ್ಯ ಮುಗೀತು ಅಂತ ಬ್ಯಾಸಗ್ಯಾಗ ಚಾವಡಿ ಮುಂದ ಒದರಿದ್ದಕ್ಕ ಆಮ್ಯಾಲ ಹಿಡಿದು ಹುಚ್ಚ ಅಂತ ಇಲ್ಲಿ ಹಾಕಿದ್ರಂತ. ಈಗ ಅದೇ ಖರೇ ಆಯ್ತಲ್ಲ! ಹೆಬ್ಬೆಟ್ಟು ಒತ್ತಿ ಕರ್ಕೊಂಡು ಹೋಗ್ರಿ, ಬಾಯಿ.”

ಕಾಂತಾಬಾಯಿ ಶಾಯಿ ಹತ್ತಿದ ಹೆಬ್ಬೆಟ್ಟನ್ನು ಸೆರಗಿಗೆ ಒರೆಸಿಕೊಂಡಳು.

“ಅವತ್ತ ಒದರಿ ಓಡಿಹೋದಾಂವ ಇಂವ, ಇಂವನ ಬದ್ಲಿ ನಿಜಾಮನ ರಜಾಕಾರರ ಕೈಗಿ ಸಿಕ್ಕು ಸತ್ತಾಂವ ನನ್ನ ಗಂಡ, ಇಂವನ್ನ ಇಲ್ಲೇ ಇಟ್ಕೊಳ್ರಿ.”