ಪೌಡರ್ ಡಬ್ಬಿ

ಮಗಳಿಗೆ ಸ್ನಾನವಾದ ಮೇಲೆ ಪೌಡರ್ ಹಚ್ಚುವ ಕೆಲಸವನ್ನು ಹೆಂಡತಿಗೇ ಬಿಟ್ಟಿದ್ದೇನೆ. ಆ ವಾಸನೆ ನನಗೆ ಆಗುವುದಿಲ್ಲ.

ನಾನು ಚಿಕ್ಕವನಿದ್ದಾಗ ಒಂದು ಭಾನುವಾರ ಮಧ್ಯಾಹ್ನ, ದೇಶ ಬಿಟ್ಟು ಬಂದು ನಾವು ನೆಲೆಸಿದ್ದ ಯಿಶುನ್‌ನ ನಮ್ಮ ಬ್ಲಾಕಿನ ಕೆಳಗೆ, ಗೋಡೆಗಳಿಲ್ಲದ ನೆಲಮಹಡಿಯ ವಾಯ್ಡ್ ಡೆಕ್‌ನಲ್ಲಿ, ಕನ್ನಡದ ಮಕ್ಕಳಿಗೆ ವೇಷಭೂಷಣ ಸ್ಪರ್ಧೆ ಇತ್ತು. ನಾನು ಅಮೆರಿಕದ ಮೊದಲ ಅಧ್ಯಕ್ಷ. ಅಮ್ಮ ಹತ್ತಿ ಅಂಟಿಸಿ ವಿಗ್ ಮಾಡಿ, ಮೇಲೆ ಪೌಡರ್ ಉದುರಿಸಿದ್ದಳು. ಪಕ್ಕದ ಬ್ಲಾಕಿನ ಚೇತನಾ ಅದೇ ಕಾಲದ ಒಬ್ಬ ಕಪ್ಪು ಗುಲಾಮ ಹೆಂಗಸಾಗಿ ಬಂದಿದ್ದಳು. ಎಲ್ಲರೂ ಹುಟ್ಟಿನಿಂದ ಸಮಾನರು ಎಂಬ ಮಾತು ಕಿವಿಗೆ ಬಿದ್ದದ್ದೇ ಕೋರ್ಟಿಗೆ ಹೋಗಿ ಬಿಡುಗಡೆ ಗೆದ್ದ ಹೆಂಗಸು ಅದು. ಆ ಹೆಂಗಸಿನ ಭಾಷಣವನ್ನು ಚೇತನಾ ವಾರವಿಡೀ ನನ್ನೆದುರಿಗೇ ಬಾಯಿಪಾಠ ಮಾಡಿದ್ದಳು.

"ಇವಳಿಗೆ ಮೇಕಪ್ಪೇ ಬೇಡ, ದೇವರೇ ಮಾಡಿ ಕಳ್ಸಿದಾನೆ," ಎಂದರು ಒಬ್ಬ ಆಂಟಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

"ಟೈಮ್ ಇಲ್ಲ, ಇಬ್ಬರೂ ಒಟ್ಟಿಗೇ ಹೋಗಿ. ಚೇತನಾ, ನೀನು ಇವನ ಹಿಂದೆ ಕೊಡೆ ಹಿಡ್ಕೊಂಡು ನಿಂತ್ಕೋ. ನಿನ್ ಮಾತು ಇವನೇ ಹೇಳ್ತಾನೆ, ಅಧ್ಯಕ್ಷರು ಹೇಳಿದ್ರೆ ತೂಕ ಇರುತ್ತೆ," ಎಂದಳು ಅಮ್ಮ.

"ಕೆನಾಟ್ ಲಾ ಆಂಟಿ, ಆಗಲ್ಲ, ಅದು ನನ್ನ ಸ್ಪೀಚ್."

"ಅಡ್ಜಸ್ಟ್ ಮಾಡ್ಕೋ ಪುಟ್ಟಿ."

ಎಲ್ಲರೂ ಸಮಾನರು ಎಂದು ನಾನು ಕೂಗಿದೆ. ಅವಳು ಕೊಡೆ ಹಿಡಿದಿದ್ದಳು. ಮೊದಲ ಬಹುಮಾನ ನನಗೆ ಬಂತು.

ಗ್ರೂಪ್ ಫೋಟೋಗೆ ಮುಂಚೆ ಅಮ್ಮ ಅವಳನ್ನು ಹತ್ತಿರ ಕರೆದು, "ಫೋಟೋದಲ್ಲಿ ಕಾಣಿಸ್ಬೇಕಲ್ಲ," ಎಂದು ಮುಖಕ್ಕೆ ಪೌಡರ್ ಬಳಿದಳು. ಕೆನ್ನೆ ಒದ್ದೆಯಿದ್ದ ಕಡೆ ಅದು ಹಿಟ್ಟಿನಂತೆ ಮೆತ್ತಿಕೊಂಡಿತು.

"ಇನ್ನೂ ಸ್ವಲ್ಪ ಹಾಕಮ್ಮ," ಎಂದು ಡಬ್ಬಿ ಚಾಚಿದವನು ನಾನೇ.